ದನಿಯ ಹಿಂದಿನ ಮನೆ

ಫೋನಿನಲ್ಲಿ ಹಾಡು ಹಚ್ಚುವ ಮೊದಲು ಸಿಸ್ಟರ್ ತಮ್ಮ ಬಳೆಗಳನ್ನು ಒಂದೊಂದಾಗಿ ಕಳಚಿ ಸ್ಟೀಲಿನ ಬಟ್ಟಲಿಗೆ ಹಾಕುತ್ತಿದ್ದರು. ಆಮೇಲೆ ಕಿವಿಯ ಝುಮಕಿ. ಮಾತು ನಿಲ್ಲಿಸಿ ಎಂದು ಅವರು ಎಂದೂ ಹೇಳಿದವರಲ್ಲ. ಬಟ್ಟಲಿನಲ್ಲಿ ಕೊನೆಯ ಝುಮಕಿ ಟಿಣ್ ಎಂದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆಸ್ಪತ್ರೆಯ ಡ್ಯೂಟಿಯಲ್ಲಿ ಬಳೆ ಹಾಕುವಂತಿಲ್ಲವಾದ್ದರಿಂದ ಡ್ಯೂಟಿ ಇಲ್ಲದಾಗ ಎರಡೂ ಕೈ ತುಂಬ ಹಾಕಿಕೊಂಡಿರುತ್ತಿದ್ದರು. ಅವನ್ನೂ ಹಾಡಿಗಾಗಿ ತೆಗೆದುಬಿಡುತ್ತಿದ್ದರು. ಹಸಿರು ಬಳೆ ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪಿಗೆ ಹಸಿರು ಬಣ್ಣ ಇಷ್ಟ, ಹಾಗಾಗಿ ಅದರ ಮಾತನ್ನು ಪೂರ್ತಿ ನಂಬಬೇಡಿ. ಸದ್ದು ಮಾತ್ರ ನಿಜ.

ರಾಯಚೂರಿನಲ್ಲಿ ನಾವಿಬ್ಬರೂ ಒಂದೇ ಮನೆಯ ಬಾಡಿಗೆದಾರರು. ಅವರು ಆಸ್ಪತ್ರೆಯಲ್ಲಿ ನರ್ಸು, ನಾನು ಹೈಸ್ಕೂಲ್ ಮೇಷ್ಟ್ರು. ಮನೆಯ ಮಾಲಕಿ ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ನಮಗೆಲ್ಲ ಖಾಲಾ, ಚಿಕ್ಕಮ್ಮನ ಹಾಗೆ. ಭಾನುವಾರ ಮಧ್ಯಾಹ್ನ ಖಾಲಾ ಅವರ ನಡುಮನೆಯಲ್ಲಿ ನಾವು ಮೂವರೂ ಸೇರುತ್ತಿದ್ದೆವು. ಗಂಜ್ ಮಾರುಕಟ್ಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ನಾವು ಅಣ್ಣ ಎಂದು ಕರೆಯುತ್ತಿದ್ದ ಗೆಳೆಯ ಶಟರ್ ಎಳೆದು ಬರುತ್ತಿದ್ದ. ಬಂದವರು ತಲಾ ಒಂದು ಹಾಡು ತರಬೇಕು. ಸಿನಿಮಾದ್ದಾಗಬಾರದು, ಕಂಪನಿಯದ್ದಾಗಬಾರದು. ಯಾರೋ ಎಲ್ಲೋ ತಮ್ಮ ಕೋಣೆಯಲ್ಲಿ ಕೂತು, ತಾವೇ ಕಟ್ಟಿ, ತಾವೇ ಹಾಡಿ, ತಾವೇ ಫೋನಿನಿಂದ ಹಾಕಿದ್ದಾಗಬೇಕು. ಅಂಥದಕ್ಕೆ ಇಂಗ್ಲಿಷಿನಲ್ಲಿ ‘ಇಂಡಿ’ ಎಂಬ ಹೆಸರಿದೆ ಎಂದು ಒಮ್ಮೆ ಹೇಳಿದೆ. ಸಿಸ್ಟರ್ ತಲೆಯಾಡಿಸಿ, ಮುಂದೆಯೂ ‘ಮನಿ ಹಾಡು’ ಎಂದೇ ಕರೆದರು.

ಅವರು ಹಾಡು ಹುಡುಕುವ ರೀತಿಯೇ ಬೇರೆ. ಫೋನು ತಾನಾಗಿ ಮುಂದಿಡುವ ಹಾಡನ್ನು ಅವರು ಮುಟ್ಟುತ್ತಿರಲಿಲ್ಲ. ಯಾವುದಾದರೂ ಹಾಡಿನ ಕೆಳಗೆ ‘ಚೆನ್ನಾಗಿದೆ’ ಎಂದು ಬರೆದ ಅಪರಿಚಿತರ ಪುಟಕ್ಕೆ ಹೋಗುತ್ತಿದ್ದರು. “ಇನ್ನೊಬ್ಬರ ಹಾಡಿಗೆ ಶಹಭಾಸ್ ಅನ್ನಾಕಿ ತಾನೂ ಎಲ್ಲೋ ಮುಚ್ಚಿಟ್ಟು ಹಾಡಿರ್ತಾಳ ನೋಡ್ರಿ” ಎನ್ನುತ್ತಿದ್ದರು. ಹಾಗೆ ಹೋಗಿ ಬಚ್ಚಲಲ್ಲಿ ಹಾಡಿದ ಹುಡುಗನನ್ನು ತಂದರು, ಪ್ರೆಶರ್ ಕುಕ್ಕರಿನ ಮುಚ್ಚಳದ ಮೇಲೆ ತಾಳ ಹಾಕಿದ ಬಾಣಂತಿಯನ್ನು ತಂದರು, ಯಾವ ಭಾಷೆಯೆಂದು ನಮಗೆ ಇವತ್ತಿಗೂ ಗೊತ್ತಾಗದ ಬೆಟ್ಟದ ಸೀಮೆಯ ಮುದುಕನನ್ನು ತಂದರು.

ಹಾಡು ಕೇಳುವಾಗ ಫ್ಯಾನು ಬಂದ್. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಫ್ಯಾನು ಬಂದ್ ಮಾಡಿ ಕೂಡುವುದೆಂದರೇನು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಆದರೆ ಆಟ ಇದ್ದದ್ದೇ ಅದರಲ್ಲಿ. ಹಾಡು ಮುಗಿದ ಮೇಲೆ ಒಬ್ಬೊಬ್ಬರೂ ಹಾಡಿನ ಹಿಂದೆ ಏನು ಕೇಳಿಸಿತು ಹೇಳಬೇಕು. ಸ್ಟುಡಿಯೋ ಇಲ್ಲದವರ ಹಾಡಿನಲ್ಲಿ ನಾಯಿ ಇರುತ್ತದೆ, ನಲ್ಲಿ ಇರುತ್ತದೆ, ಬಾಗಿಲ ಹೊರಗೆ ಚಪ್ಪಲಿ ಎಳೆಯುವ ಅಜ್ಜ ಇರುತ್ತಾನೆ. “ದನಿ ಮುಂದ ಹಾಡ್ತದ, ಮನಿ ಹಿಂದ ಹಾಡ್ತದ” ಎಂಬುದು ಸಿಸ್ಟರ್ ಮಾತು. ಆಟದಲ್ಲಿ ಅವರನ್ನು ಗೆದ್ದವರಿಲ್ಲ. ವಾರ್ಡಿನಲ್ಲಿ ಕತ್ತಲಲ್ಲೇ ಯಾವ ಹಾಸಿಗೆಯ ಉಸಿರು ಬದಲಾಯಿತೆಂದು ಹೇಳಬಲ್ಲ ಕಿವಿ. ಹಿಂದಿನ ಸದ್ದನ್ನು ಹಿಡಿದಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಬರುತ್ತಿತ್ತು. ಅದನ್ನು ಬಿಟ್ಟು ಬರೆದರೆ ಅವರನ್ನು ಪಟದೊಳಗಿನ ದೇವಿ ಮಾಡಿದ ಹಾಗಾಗುತ್ತದೆ. ಹೆಮ್ಮೆ ಇತ್ತು. ನಾವೂ ಅದನ್ನು ಬೆಳೆಸಿದೆವು.

ಅಂಥ ಒಂದು ಭಾನುವಾರ ಅವರೇ ಆ ಹಾಡನ್ನು ತಂದರು. ಹಾಡಿದವಳ ಹೆಸರಿಲ್ಲ, ಮುಖವಿಲ್ಲ. ಮುಚ್ಚಿದ ಕಿಟಕಿಯ ಒಂದು ಚಿತ್ರ, ಅಷ್ಟೆ. ಬಾಗಿಲು ಹಾಕಿಕೊಂಡ ಮೇಲಷ್ಟೇ ಜೋರಾಗಿ ನಗುವ ಹೆಣ್ಣೊಬ್ಬಳ ಹಾಡು. ನಮ್ಮ ಸೀಮೆಯ ಮಾತಿನಲ್ಲೇ ಇತ್ತು. ಕೊನೆಯಲ್ಲಿ ಅವಳು ನಿಜವಾಗಿ ನಗುತ್ತಾಳೆ, ನಡುವೆಯೇ ತಡೆದುಕೊಳ್ಳುತ್ತಾಳೆ. ಮುಗಿದಾಗ ಖಾಲಾ, “ಇಂಥಾಕಿ ನಮ್ಮ ಮನ್ಯಾಗೂ ಇದ್ಲು” ಎಂದರು. ಯಾರು ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಆಮೇಲೆ ಆಟ. ಅಣ್ಣ, “ಟೇಬಲ್ ಫ್ಯಾನು” ಎಂದ. ನಾನು ಟ್ರ್ಯಾಕ್ಟರ್ ಎಂದೆ. ಸಿಸ್ಟರ್ ಇನ್ನೊಮ್ಮೆ ಹಚ್ಚಿ ಕಣ್ಣು ಮುಚ್ಚಿದರು.

“ರೈಸ್ ಮಿಲ್ ಅದು. ತಿರುಗತಾ ತಿರುಗತಾ ಒಮ್ಮಿ ಕುಂಟತದ, ಕೇಳ್ರಿ. ಮಾನ್ವಿ ದವಾಖಾನ್ಯಾಗ ಇದ್ದಾಗ ನನ್ನ ಮನಿ ಹಿಂದ ಇದ ಮಿಲ್ಲಿತ್ತು. ಈಕಿ ಆ ಓಣ್ಯಾಗ ಕುಂತು ಹಾಡ್ಯಾಳ.”

“ಅಬ್ಬಬ್ಬಾ, ಕಿವಿಯೋ ಏನು ಪೊಲೀಸ್ ನಾಯಿಯೋ!” ಎಂದ ಅಣ್ಣ. ಎಲ್ಲರೂ ನಕ್ಕೆವು. ಸಿಸ್ಟರ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರುದಿನ ಸಂಜೆ ಅಣ್ಣ ಅಂಗಡಿಯನ್ನು ಹುಡುಗರಿಗೆ ಬಿಟ್ಟು ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಹಿಂದಿನ ದಿನ ಅಭಿಮಾನ ತಡೆಯಲಾಗದೆ ಆ ಹಾಡಿನ ಕೆಳಗೆ ಬರೆದಿದ್ದ: ನಮ್ಮ ಮಾನ್ವಿಯ ಹೆಮ್ಮೆ, ರೈಸ್ ಮಿಲ್ ಹಿಂದಿನ ಓಣಿಯ ಕೋಗಿಲೆಗೆ ಜೈ. ಬೆಳಿಗ್ಗೆ ಕಿಟಕಿಯ ಚಿತ್ರದವಳಿಂದ ಅವನಿಗೊಂದು ಸಂದೇಶ ಬಂದಿತ್ತು. ಅವನು ಫೋನನ್ನು ಸಿಸ್ಟರ್ ಕೈಗೆ ಕೊಟ್ಟ. ಅವರು ಜೋರಾಗಿ ಓದಿದರು.

“ಅಣ್ಣಾರ, ಕೈ ಮುಗೀತೀನಿ, ಅದನ್ನ ತೆಗೀರಿ. ಮನ್ಯಾಗ ಗೊತ್ತಾದ್ರ ಕಾಲೇಜು ಬಿಡಸ್ತಾರ. ಮುಂದಿಂದು ನನಗ ಹೇಳಾಕ ಬರಂಗಿಲ್ಲ.”

“ತೆಗದಿಯಲ್ಲ ಮತ್ತ?” ಎಂದು ಕೇಳಿದರು.

“ತೆಗದೀನ್ರಿ ಸಿಸ್ಟರ್. ಆದ್ರ ಅಷ್ಟೊತ್ತಿಗೆ ಒಬ್ಬಾಂವ ನೋಡಿಬಿಟ್ಟಾನ.”

ಬೈಕಿನ ಚಿತ್ರ ಹಾಕಿಕೊಂಡ ಯಾರೋ ಅಣ್ಣನ ಮಾತಿನ ಕೆಳಗೆ ‘ಯಾವ ಮಿಲ್ಲು? ಯಾರ ಮಗಳು ಇಕಿ?’ ಎಂದು ಕೇಳಿದ್ದ. ಅಣ್ಣ ಅಳಿಸಿದ ಮೇಲೆ ಹೊಸದಾಗಿ ಬರೆದಿದ್ದ: ‘ಯಾಕ ತೆಗದ್ರಿ? ಮಾನ್ವಿ ಅಂದಿದ್ರೆಲ್ಲ?’

ಅಣ್ಣ ಖಾಲಾ ಕೊಟ್ಟ ನೀರು ಕುಡಿದ. “ಆ ಹುಡುಗಿಗೆ ಹಾಡ ತೆಗದುಬಿಡವ್ವಾ ಅಂತ ಹೇಳ್ಲೇನ್ರಿ?”

“ಹೇಳಬ್ಯಾಡ” ಎಂದರು ಸಿಸ್ಟರ್. “ಅವ ಕೇಳಿದ ಕೂಡ್ಲೆ ಹಾಡು ಮಾಯ ಆದ್ರ ಅವಗ ಖಾತ್ರಿ ಆಗ್ತದ. ಮಾನ್ವಿನ ಅಂತ ನಾವ ಸಹಿ ಹಾಕಿ ಕೊಟ್ಟಂಗ.”

“ನನ್ನ ಕೈ ಮುರೀಲಿ” ಎಂದ ಅಣ್ಣ.

“ಸುಮ್ನಿರು. ಬರದಾಂವ ನೀನು. ಹೇಳಿದಾಕಿ ನಾನು.”

ಅವರು ಗೋಡೆಗೊರಗಿ ಕೂತರು. ಮಾನ್ವಿಗೆ ಹೋಗಬಹುದಿತ್ತು, ಆ ಓಣಿಯ ಪ್ರತಿ ಬಾಗಿಲೂ ಅವರಿಗೆ ಗೊತ್ತು. ಹೋದರೆ ಮಾತ್ರ ‘ಸಿಸ್ಟರ್ ಯಾರ ಮನಿಗೆ ಬಂದ್ರು’ ಎಂದು ಓಣಿಯೇ ಕೇಳುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಿದರೋ, ನಾನೇ ಈಗ ಅವರ ಬಾಯಿಗೆ ತುರುಕುತ್ತಿದ್ದೇನೋ ತಿಳಿಯದು. ಆಮೇಲೆ ಮಾಡಿದ್ದು ಮಾತ್ರ ಸ್ಪಷ್ಟವಾಗಿದೆ. ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಯಾವ ಹಾಡೂ ಇಲ್ಲದೆ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದರು.

“ಮಾಸ್ತರ್ರ, ಹಾಡಿನ ಕೆಳಗ ಬರೀರಿ. ಇದು ದೇವದುರ್ಗದ ಹುಡುಗಿ ದನಿ, ಹಿಂದ ಕೇಳಸ್ತಿರೋದು ಹೊಳಿ ದಂಡಿ ಪಂಪ್‌ಸೆಟ್ ಅಂತ ಬರೀರಿ.”

“ಝೂಟ್ ಬರಸ್ತಿ ಏನು ಬೇಟಿ?” ಖಾಲಾ ಕನ್ನಡಕ ಸರಿಮಾಡಿಕೊಂಡರು.

“ಹೌದ್ರಿ ಖಾಲಾ. ನೀವೂ ಬರೀಬೇಕು.”

ಖಾಲಾ ಕ್ಷಣ ಯೋಚಿಸಿ, “ನೀರಮಾನ್ವಿ ಅಂತ ಬರೀಲೇನು?” ಎಂದರು.

“ಮಾನ್ವಿಗೆ ಭಾಳ ಸಮೀಪ ಆತ್ರಿ ಅದು. ಸುಳ್ಳು ಸ್ವಲ್ಪ ದೂರ ಇರ್ಲಿ.”

“ಹಂಗಾರ ಹೈದರಾಬಾದಿನಾಕಿ ಅಂತೀನಿ. ಕನ್ನಡ ಹೊಸದಾಗಿ ಕಲಿಯಾಕತ್ತಾಳ ಅಂತೀನಿ.”

ಅಣ್ಣನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಅವನ ಪಾಲಿಗೆ ಬಂದದ್ದೇ ಕಷ್ಟದ್ದು. ತಾನು ತಪ್ಪು ಕೇಳಿದ್ದೆ, ಅದು ಮಿಲ್ಲಲ್ಲ, ಸಿಂಧನೂರಿನ ಮದುವೆ ಮಂಟಪದ ಜನರೇಟರ್ ಎಂದು ಅವನು ಊರ ಮುಂದೆ ಒಪ್ಪಿಕೊಳ್ಳಬೇಕು. ಬರೆದ. ಸಿಸ್ಟರ್ ಜೊತೆಯ ನರ್ಸುಗಳಿಗೆ ಫೋನು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಊರು ಹಂಚಿದರು. ಇಂಜೆಕ್ಷನ್ ಹಂಚುವ ದನಿಯಲ್ಲೇ: “ನೀ ಲಿಂಗಸೂಗೂರು. ನೀ ಗಂಗಾವತಿ. ಯಾಕ ಅಂತ ಕೇಳಬ್ಯಾಡ, ನಾಳಿ ಹೇಳ್ತೀನಿ.”

ಹೊತ್ತು ಮುಳುಗುವಷ್ಟರಲ್ಲಿ ನಾವು ಎಣಿಸದ್ದು ನಡೆಯಿತು. ನಮಗೆ ಗೊತ್ತೇ ಇಲ್ಲದವರು ಬರತೊಡಗಿದರು. ದೇವದುರ್ಗದವನೊಬ್ಬ, ಹೌದು ಇದು ನಮ್ಮೂರ ದನಿಯೇ, ಸಂಶಯವಿಲ್ಲ ಎಂದ. ಲಿಂಗಸೂಗೂರಿನವನು ಅವನ ಮೇಲೆ ಬಿದ್ದ. ಒಳ್ಳೆಯ ಹಾಡನ್ನು ಯಾರಾದರೂ ತಮ್ಮದಲ್ಲ ಎನ್ನುತ್ತಾರೆಯೇ? ಆ ಜಗಳದ ನಡುವೆ ಬೈಕಿನವನು ಮತ್ತೆ ಬಂದ: ‘ಹಂಗಾರ ಮಾನ್ವಿ ಅಲ್ಲೇನು?’

ಅಣ್ಣನ ಬೆರಳು ಎದ್ದಿತು. ಸಿಸ್ಟರ್ ಅವನ ಮಣಿಕಟ್ಟು ಹಿಡಿದರು.

“ಬ್ಯಾಡ. ಅಲ್ಲ ಅಂದ್ರೂ ಅವನ ಸಂಶಯ ಮಾನ್ವಿಗೇ ಬರ್ತದ.”

ನಾಲ್ವರೂ ಆ ಒಂದು ಸಾಲನ್ನು ನೋಡುತ್ತ ಕೂತೆವು. ಅದರ ಮೇಲೆ ಬೇರೆ ಸಾಲುಗಳು ಬಿದ್ದವು, ಅದು ಕೆಳಗೆ ಸರಿಯಿತು, ಪರದೆಯಿಂದ ಆಚೆ ಹೋಯಿತು. ಅವನು ಮತ್ತೆ ಬರೆಯಲಿಲ್ಲ. ನಂಬಿದನೋ, ಬೇಸತ್ತನೋ, ಬೈಕ್ ಹತ್ತಿ ಹುಡುಕಲು ಹೋದನೋ ಹೇಳುವವರಿಲ್ಲ. ಸಿಸ್ಟರ್ ಬಳೆಗಳನ್ನು ಬಟ್ಟಲಲ್ಲೇ ಬಿಟ್ಟು ರಾತ್ರಿ ಡ್ಯೂಟಿಗೆ ಹೋದರು.

ಆ ಹುಡುಗಿಯಿಂದ ಸುದ್ದಿ ಇಲ್ಲ. ಅಣ್ಣ ಕಳಿಸಿದ ಕ್ಷಮೆಗೆ ಉತ್ತರವಿಲ್ಲ. ಬೇಸಿಗೆ ಕಳೆಯಿತು, ಮಳೆ ಬಂದಂತೆ ಮಾಡಿ ಹೋಯಿತು. ಸಿಸ್ಟರ್ ವಾರ್ಡಿಗೆ ಕಾಲೇಜು ವಯಸ್ಸಿನ ಯಾವ ಹುಡುಗಿ ಬಂದರೂ ಮೊದಲು ಊರು ಕೇಳುತ್ತಿದ್ದರಂತೆ. ಮಾನ್ವಿ ಎಂದರೆ ಹೆಸರು ಬರೆಯುವ ಮೊದಲು ಮುಖ, ಕೈ, ಕುತ್ತಿಗೆಯ ಮೇಲೆ ಏಟಿನ ಗುರುತಿದೆಯೇ ಎಂದು ನೋಡುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಬೇರೆ ನರ್ಸು, ಸಿಸ್ಟರ್ ಅಲ್ಲ.

ಭಾನುವಾರ ನಿಲ್ಲಲಿಲ್ಲ. ಹಾಡು ತರುತ್ತಿದ್ದೆವು, ಕೇಳುತ್ತಿದ್ದೆವು. ಆದರೆ ಆ ಗದ್ದಲದ ಮುಂದಿನ ಭಾನುವಾರವೇ, ಅಣ್ಣ ರೂಢಿಯಂತೆ ಎದ್ದು ಫ್ಯಾನಿನ ಗುಂಡಿಗೆ ಕೈ ಹಾಕಿದಾಗ, ಸಿಸ್ಟರ್ “ಇರ್ಲಿ ಬಿಡು” ಎಂದರು. ಅಂದಿನಿಂದ ಅದು ತಿರುಗುತ್ತಲೇ ಇತ್ತು. ಹಿಂದೆ ಏನು ಕೇಳಿಸಿತೆಂದು ಯಾರೂ ಯಾರನ್ನೂ ಕೇಳಲಿಲ್ಲ.

ದೀಪಾವಳಿ ದಾಟಿದ ಮೇಲೆ ಒಂದು ಮಧ್ಯಾಹ್ನ ಅಣ್ಣ ಬಾಗಿಲಲ್ಲೇ ಫೋನು ಎತ್ತಿ ಹಿಡಿದ. ಮುಚ್ಚಿದ ಕಿಟಕಿಯ ಅದೇ ಚಿತ್ರ. ಹೊಸ ಹಾಡು. ಸಿಸ್ಟರ್ ಬಳೆ ತೆಗೆದರು, ಝುಮಕಿ ತೆಗೆದರು. ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಪಟಪಟ ಎನ್ನುತ್ತಿತ್ತು. ದನಿ ಮೊದಲಿಗಿಂತ ತಗ್ಗಿತ್ತು, ಬಾಯಿ ಮುಂದೆ ಬಟ್ಟೆ ಹಿಡಿದು ಹಾಡಿದಂತೆ. ಆದರೆ ಕೊನೆಗೆ ನಕ್ಕಳು. ಈ ಸಲ ಪೂರ್ತಿ ನಕ್ಕಳು.

ಅಣ್ಣನಿಗೆ ತಡೆಯಲಾಗಲಿಲ್ಲ. “ಏನರ ಕೇಳಿಸ್ತೇನ್ರಿ ಸಿಸ್ಟರ್?”

ಅವರ ಕಿವಿ ನನಗೆ ಗೊತ್ತು. ಫ್ಯಾನಲ್ಲ, ಬಿರುಗಾಳಿ ಬೀಸಿದರೂ ಅದಕ್ಕೆ ಕೇಳಿಸುತ್ತಿತ್ತು. ಅವರು ಬಟ್ಟಲಿನಿಂದ ಒಂದು ಬಳೆ ಎತ್ತಿಕೊಂಡರು.

“ಹಾಡು ಕೇಳಿಸ್ತು” ಎಂದರು.

ಸಿಸ್ಟರ್ ಹೋದ ವರ್ಷ ತೀರಿಕೊಂಡರು. ತಮ್ಮ ಕಾಯಿಲೆಯ ವಿಷಯವನ್ನು ನಮ್ಮಿಂದ ಎಷ್ಟು ದಿನ ಮುಚ್ಚಿಟ್ಟಿದ್ದರೋ ಗೊತ್ತಿಲ್ಲ. ಖಾಲಾ ಆ ಬಟ್ಟಲನ್ನು ಅಡುಗೆಗೆ ಬಳಸುವುದಿಲ್ಲ. ನಾನೀಗ ಸಿಸ್ಟರ್ ಬಗ್ಗೆ ಬರೆಯುವಾಗ ಅವರು ಕಲಿಸಿದಂತೆಯೇ ಬರೆದಿದ್ದೇನೆ. ಇಲ್ಲಿಯ ರೈಸ್ ಮಿಲ್ಲು ರೈಸ್ ಮಿಲ್ಲೇ ಆಗಿರಬೇಕಿಲ್ಲ, ಮಾನ್ವಿ ಮಾನ್ವಿಯೇ ಆಗಿರಬೇಕಿಲ್ಲ. ಕಿಟಕಿಯ ಚಿತ್ರ ಕಿಟಕಿಯದಾಗಿರಲಿಲ್ಲ. ನೆನಪು ಹೇಗೂ ಊರು ಬದಲಿಸುತ್ತದೆ. ಅದಕ್ಕೆ ಯಾಕೆ ಬದಲಿಸಬೇಕೆಂದು ಕಲಿಸಿಕೊಟ್ಟವರು ಅವರು. ಅವರು ಇದ್ದ ರೀತಿಯನ್ನು ಮಾತ್ರ ನಾನು ಬದಲಿಸಿಲ್ಲ.

ತಾವೇ ರೋಗಿಯಾಗಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರು ನನ್ನ ಫೋನಿಗೊಂದು ದನಿ ಸಂದೇಶ ಕಳಿಸಿದ್ದರು. “ಮಾಸ್ತರ್ರ, ಒಂದು ಹಾಡು ಸಿಕ್ಕದ. ಇನ್ನೂ ಯಾರೂ ಕೇಳಿಲ್ಲ. ಮೊದಲು ನೀವು ಕೇಳ್ರಿ.” ಆ ಮಾತಿನ ಹಿಂದೆ, ಅವರ ಕೋಣೆಯೊಳಗಿನ ಒಂದು ಸಣ್ಣ ಸದ್ದಿದೆ. ಅವರು ಯಾರಿಗೂ ಕೇಳಿಸಗೊಡದೆ ಇಟ್ಟುಕೊಂಡಿದ್ದ ಸದ್ದು. ನಾನೀಗಲೂ ಆಗಾಗ ಆ ದನಿಯನ್ನು ಹಚ್ಚುತ್ತೇನೆ. ಹಚ್ಚುವ ಮೊದಲು ಎದ್ದು ಫ್ಯಾನು ಹಾಕುತ್ತೇನೆ.