ಸೋನಾಬಾಯಿಯ ಕುತ್ತಿಗೆಯಲ್ಲಿ ಕೂತ ತಾಯಿ

ಶಿರಗುಪ್ಪಿಯ ಸೋನಾಬಾಯಿಯ ದವಡೆಯ ಕೆಳಗೆ ಅಡಿಕೆಯಷ್ಟು ದೊಡ್ಡ ಗಂಟೊಂದಿತ್ತು. ನೋವಿಲ್ಲ, ಆದರೆ ಬೆರಳಿಟ್ಟರೆ ಮಿಡಿಯುತ್ತಿತ್ತು. ಕಬ್ಬು, ಎಮ್ಮೆ, ಸೊಸೆ ಪ್ರಾಜಕ್ತಾಳೊಡನೆ ಜಗಳ, ಇಷ್ಟರ ನಡುವೆ ಅದನ್ನು ವಿಚಾರಿಸಲು ಆಕೆಗೆಲ್ಲಿ ಪುರುಸೊತ್ತು?

ಮನೆಯಲ್ಲಿ ದೇವಿ ಮಾಯಕ್ಕನ ಪೂಜೆಯಾದ ದಿನ ನೆರೆಮನೆಯ ತಾರವ್ವ ಆಕೆಯ ಹಣೆಗೆ ಭಂಡಾರ, ಅಂದರೆ ಪೂಜೆಯ ಅರಿಸಿನಪುಡಿ, ಹಚ್ಚಿದಳು. ಅಷ್ಟಕ್ಕೆ ಬಿಡದೆ ಗಂಟಿಗೂ ಒತ್ತಿ ತಿಕ್ಕಿದಳು. ಸೋನಾಬಾಯಿ ಕೂತಲ್ಲೇ ಕುಸಿದಳು. ಕಣ್ಣು ಬಿಟ್ಟಾಗ ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು. ತಾಯಿ ಕುತ್ತಿಗೆಯಲ್ಲೇ ಬಂದು ಕೂತಿದ್ದಾಳೆ ಎಂದು ತಾರವ್ವ ಊರಿಗೆಲ್ಲ ಸಾರಿದಳು.

ಆಮೇಲೆ ಮಂಗಳವಾರ ಬಂತೆಂದರೆ ತಾಯಿಯ ಮಾತು ಕೇಳಲು ಬಂದವರಿಂದ ಅಂಗಳ ತುಂಬುತ್ತಿತ್ತು. ತಾರವ್ವ ಭಂಡಾರ ಒತ್ತುವಳು, ಸೋನಾಬಾಯಿ ಬೀಳುವಳು, ಎದ್ದು ಬಾಯಿಗೆ ಬಂದದ್ದು ಹೇಳುವಳು. ಕಣ್ಣು ಕತ್ತಲಾಗುವುದು ಬಿಟ್ಟರೆ ಆಕೆಗೆ ಏನೂ ಕಾಣುತ್ತಿರಲಿಲ್ಲ. ಆದರೂ ಇಷ್ಟು ಮಂದಿ ನಂಬುವಾಗ ತನಗೇ ತಿಳಿಯದಂತೆ ತಾಯಿ ಇರಬಹುದೇನೋ ಎಂದು ಗೊಂದಲ. ಪ್ರಾಜಕ್ತಾಳಂತೂ ಎದುರು ಮಾತಾಡುವುದನ್ನೇ ಬಿಟ್ಟಿದ್ದಳು, ಆ ಸುಖವನ್ನು ಯಾರು ಬಿಡುತ್ತಾರೆ?

ಗಂಟು ಬೆಳೆದು ತುತ್ತು ಇಳಿಯದಾದಾಗ ಆಕೆಯನ್ನು ಮೀರಜಿನ ಆಸ್ಪತ್ರೆಗೆ ಕರೆದೊಯ್ದವಳು ಆ ಸೊಸೆಯೇ. ಡಾಕ್ಟರು ಸ್ಕ್ಯಾನ್ ನೋಡಿ ವಿವರಿಸಿದರು: ತಲೆಗೆ ರಕ್ತ ಒಯ್ಯುವ ನಾಳ ಕವಲೊಡೆಯುವ ಜಾಗದಲ್ಲಿ ಬೆಳೆದ ಅಪರೂಪದ ಗಡ್ಡೆ. ಅಲ್ಲಿ ಒತ್ತಿದರೆ ಎದೆಬಡಿತ ಇಳಿದು ಎಚ್ಚರ ತಪ್ಪುತ್ತದೆ. ಸೂಜಿ ಚುಚ್ಚಿ ಪರೀಕ್ಷಿಸಿದರೆ ರಕ್ತ ನಿಲ್ಲಲಿಕ್ಕಿಲ್ಲ. ಬಿಟ್ಟರೆ ಬೆಳೆಯುತ್ತದೆ, ತೆಗೆಯುವಾಗ ಲಕ್ವಾ ಹೊಡೆಯುವ ಭಯವೂ ಉಂಟು.

“ಒಳಗ ಬ್ಯಾರೆ ಯಾರರೆ ಅದಾರೇನ್ರಿ, ಸಾಹೇಬ್ರ?” ಎಂದು ಸೋನಾಬಾಯಿ ಕೇಳಿದಳು.

ಡಾಕ್ಟರು ನಗಲಿಲ್ಲ. “ಬರೇ ನಿಮ್ಮ ರಕ್ತಾನ ಐತಿ, ಮಾವಶಿ.”

ಕೊಯ್ಸಿದರೆ ತಾಯಿ ಮುನಿದಾಳು, ಬಿಟ್ಟರೆ ಗಂಟು ನುಂಗೀತು. ಗಂಡ ಮುರಗೆಪ್ಪನನ್ನು ಕೇಳಿದರೆ, ನಿನಗೆ ತಿಳಿದಂತೆ ಮಾಡು ಎಂದ. ಗಂಡಸರಿಗೆ ಈ ಮಾತೊಂದು ಬಾಯಿಪಾಠ. ಕೊನೆಗೆ ಆಕೆ ಅಳುತ್ತಲೇ ಹೂಂ ಅಂದಳು. ಗಡ್ಡೆಗೆ ರಕ್ತ ಉಣಿಸುವ ಸಣ್ಣ ನಾಳಗಳನ್ನು ಕಟ್ಟಿ, ದೊಡ್ಡ ನಾಳಕ್ಕೆ ಧಕ್ಕೆಯಾಗದಂತೆ ಅದನ್ನು ಸುಲಿದು ತೆಗೆದರು. ಸೋನಾಬಾಯಿ ಉಳಿದಳು.

ಮನೆಗೆ ಬಂದ ಮೇಲೆ ಅದೇ ಓಣಿಯ ಸುಗಂಧಾ ಆಕೆಯನ್ನು ನೋಡಲು ಬಂದಳು. ಮಗಳು ಸಾರಿಕಾಳಿಗೆ ಕುಡಚಿಯಿಂದ ಬಂದಿದ್ದ ಸಂಬಂಧವನ್ನು ಅವಳು ಒಂದು ಮಂಗಳವಾರ ಸೋನಾಬಾಯಿ ಬೇಡ ಎಂದದ್ದಕ್ಕೆ ಕೈಬಿಟ್ಟಿದ್ದಳು. ಆಮೇಲೆ ಅಂಥದ್ದು ಮತ್ತೆ ಬಂದಿರಲಿಲ್ಲ. ಹೊಲಿಗೆಯ ಗುರುತನ್ನು ನೋಡುತ್ತ ಕೂತವಳು ಮೆಲ್ಲಗೆ ಕೇಳಿದಳು.

“ಸೋನಕ್ಕಾ, ಅವತ್ತ ಬ್ಯಾಡ ಅಂದಾಕಿ ಯಾರು?”

ಸೋನಾಬಾಯಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಖರೆ ಯಾವುದೆಂದೂ ತಿಳಿಯಲಿಲ್ಲ.

“ನಂಗೂ ಗೊತ್ತಿಲ್ಲ, ಸುಗಂಧಾ. ಅವತ್ತ ಭಾಳ ಹಸಿವಾಗಿತ್ತು. ಲಗೂ ಮುಗೀಲಿ ಅಂತ ಅಂದಿರಬೇಕು.”