ಕಾಲು ನೋಡುವ ಹುಡುಗಿ

ನಾನು ಒಬ್ಬನೇ ಕೂತು ನಗುವುದನ್ನು ಮೊದಲು ಗಮನಿಸಿದವರು ಬಸ್ಸಿನ ಕಂಡಕ್ಟರು. ನನ್ನ ಮನೆ ಇರುವುದು ಗೋಕಾಕದಲ್ಲಿ, ಚಿತ್ರಕಲೆ ಕಲಿಸುವ ಶಾಲೆ ಇರುವುದು ಹುಕ್ಕೇರಿಯಲ್ಲಿ. ದಿನಾ ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಹುಕ್ಕೇರಿ ಬರುವವರೆಗೆ ನನಗೆ ಯಾರೂ ಬೇಡ. ಆವತ್ತು ಎಷ್ಟೇ ತಡೆದರೂ ನಗು ನಿಲ್ಲದೆ ಕಣ್ಣಲ್ಲಿ ನೀರು ಬಂದಿತ್ತು.

"ಏನ್ರಿ ಮಾಸ್ತರ, ಮುಂಜಾನೆದ್ದು ಇಷ್ಟ ನಗಾಕತ್ತೀರಿ? ನಮಗೂ ಒಂದೀಟು ಹೇಳ್ರೆಲಾ," ಅಂದರು ಕಂಡಕ್ಟರು.

ನಾನು ಹೇಳಲು ಹೊರಟೆ. ಹಳೆಯ ಕಾಲದ ಟೀವಿಯಲ್ಲಿ ಹಾಡಿನ ಕಾರ್ಯಕ್ರಮಗಳು ಬರುತ್ತಿದ್ದವಲ್ಲ, ಅವುಗಳ ಬಗ್ಗೆ ಇಬ್ಬರು ಗೆಳೆಯರು ಒಂದು ಪಾಡ್‌ಕಾಸ್ಟ್ ಮಾಡುತ್ತಾರೆ. ಯಾರೋ ರೆಕಾರ್ಡ್ ಮಾಡಿಟ್ಟ ಹಳೇ ಕ್ಯಾಸೆಟ್ ಹುಡುಕಿ ತಂದು, ಅದನ್ನು ನೋಡುತ್ತಾ, ಗಾಯಕರ ಅಂಗಿ, ಹಿಂದಿನ ಪರದೆ, ಪ್ಲಾಸ್ಟಿಕ್ ಹೂವಿನ ಕುಂಡ ಒಂದನ್ನೂ ಬಿಡದೆ ತಮಾಷೆ ಮಾಡುತ್ತಾರೆ. ನಾನು ಇಷ್ಟು ವಿವರಿಸುವಷ್ಟರಲ್ಲಿ ಕಂಡಕ್ಟರ ಮುಖ ಸಪ್ಪೆಯಾಗಿತ್ತು. ಆಗ ಹಿಂದಿನ ಸೀಟಿನಿಂದ ಒಂದು ತಲೆ ಮುಂದೆ ಬಾಗಿತು.

"ಹಂಗ ಹೇಳಿದ್ರ ನಗಿ ಬರೂದಿಲ್ರಿ ಮಾಸ್ತರ. ಆ ಗಿಟಾರದಾಂವನ ಕತಿ ಹೇಳ್ರಿ. ವೈರ್ ಇಲ್ಲ, ತಂತಿನೂ ಎರಡ ಅದಾವ, ಆದ್ರೂ ಬಾರಸಾಕತ್ತಾನ!"

ಹೀಗೆ ನನಗೆ ಕಾಕಾ ಸಿಕ್ಕರು. ಅವರದು ಹುಕ್ಕೇರಿಯಲ್ಲಿ ಪಾತ್ರೆ ಅಂಗಡಿ. ಜೈನರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಗೋಕಾಕದಲ್ಲಿರುವ ಮಗಳನ್ನು ನೋಡಿಕೊಂಡು ಊರಿಗೆ ವಾಪಸ್ ಹೊರಟಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಆ ಪಾಡ್‌ಕಾಸ್ಟನ್ನು ಕೇಳುವ ಇನ್ನೊಬ್ಬ ಮನುಷ್ಯ ಈ ಸೀಮೆಯಲ್ಲಿ ಇರಬಹುದೆಂದು ನಾನು ಅಂದುಕೊಂಡೇ ಇರಲಿಲ್ಲ. ಬಸ್ ಇಳಿಯುವಾಗ ಅವರು, "ಸಾಲಿ ಬಿಟ್ಟ ಮ್ಯಾಲ ಅಂಗಡಿಗೆ ಬರ್ರಿ, ಚಾ ಕುಡಿಯೂಣು" ಅಂದರು. ಅವತ್ತಿನಿಂದ ಅದು ರೂಢಿಯಾಯಿತು.

ಆ ಕಾರ್ಯಕ್ರಮದ ಅಭಿಮಾನಿಗಳದೊಂದು ಫೋನ್ ಗುಂಪು ಇದೆ ಎಂದು ತೋರಿಸಿಕೊಟ್ಟವರೂ ಕಾಕಾನೇ. ಹುಬ್ಬಳ್ಳಿಯವರು, ಕಲಬುರಗಿಯವರು, ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರು, ಎಲ್ಲ ಅದರಲ್ಲಿದ್ದರು. ಅಲ್ಲಿ ನಡೆಯುವ ವಾದಗಳನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಒಂದು ಹಾಡಿನಲ್ಲಿ ಗಾಯಕಿಯ ಕಾಲ ಬಳಿ ಏಳುವ ಹೊಗೆ ಬರ್ಫದ ಗಡ್ಡೆಯದ್ದೋ ಧೂಪಕ್ಕೆ ಹಾಕುವ ಲೋಬಾನದ್ದೋ ಎಂಬುದರ ಮೇಲೆ ಒಂದು ವಾರ ಜಗಳವಾಯಿತು. ಕಾಕಾ ಲೋಬಾನದ ಪಕ್ಷ. ಗಿರಾಕಿಗೆ ತಂಬಿಗೆ ತೋರಿಸುತ್ತಲೇ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, "ಗಾಯಕಿ ಸೀನೋದು ನೋಡಿಲ್ಲೇನು ನೀವು?" ಎಂದು ಮೆಸೇಜು ಹಾಕುತ್ತಿದ್ದರು.

ಹೀಗಿರುವಾಗ ಒಂದು ಸೋಮವಾರ ಹೊಸ ಕಂತು ಬಂತು. ಬಸ್ಸಿನಲ್ಲಿ ಎಂದಿನಂತೆ ಹಚ್ಚಿಕೊಂಡು ಕೂತೆ. ಆ ಸಲ ಅವರಿಗೆ ಸಿಕ್ಕಿದ್ದು ಕಾಲೇಜು ಹುಡುಗ ಹುಡುಗಿಯರಿಗಾಗಿ ಮಾಡುತ್ತಿದ್ದ ಒಂದು ಹಳೇ ಕಾರ್ಯಕ್ರಮ.

"ಐದ ಮಂದಿ ಹುಡುಗ್ಯಾರು. ಎಲ್ಲಾರೂ ಹಳದಿ ಸೀರಿ. ನಾಕ ಮಂದಿ ಕ್ಯಾಮೆರಾ ನೋಡಾಕತ್ತಾರ," ಅಂದ ಒಬ್ಬ.

"ಐದನೇದಾಕಿ?"

"ಐದನೇದಾಕಿ ಕೈಯಾಗ ದಮ್ಡಿ ಐತಿ. ಆಕಿ ಕೀಬೋರ್ಡ್ ಬಾರಸಾಂವನ ಕಾಲ ನೋಡಾಕತ್ತಾಳ."

"ಯಾಕಂತ?"

"ಆಕಿ ಚಪ್ಲಿ ಕಳದಾವ. ಅವನ ಕಾಲಾಗ ಅದಾವಂತ ಸಂಶೆ ಬಂದೈತಿ."

ನಾನು ಗಟ್ಟಿಯಾಗಿ ನಕ್ಕೆ. ಅವರು ಮುಂದುವರಿದರು. ದಮ್ಡಿಯ ಮೇಲೆ ಬಡಿಯುವ ಕೈ ಒಂದು ಊರಿಗೆ, ಹಾಡು ಇನ್ನೊಂದು ಊರಿಗೆ ಹೊರಟಿದೆಯಂತೆ. ಹುಡುಗಿ ಮಾತ್ರ ಹಾಡು ಮುಗಿಯುವವರೆಗೆ ಕಾಲಿನಿಂದ ಕಣ್ಣು ತೆಗೆಯಲಿಲ್ಲವಂತೆ. ಕೊನೆಯಲ್ಲಿ ಪರದೆಯ ಮೇಲೆ ಬಂದ ಅಕ್ಷರ ಓದಿದರು: ಗೋಕಾಕದ ಕಾಲೇಜಿನ ವಿದ್ಯಾರ್ಥಿನಿಯರು. ಅಷ್ಟರಲ್ಲಿ ನನ್ನ ನಗು ನಿಂತುಹೋಗಿತ್ತು. ಆ ಹುಡುಗಿ ನನ್ನ ಅಕ್ಕ.

ಆಗ ನಾವು ಕಲ್ಲೋಳಿಯಲ್ಲಿದ್ದೆವು. ನಾನು ಪ್ರಾಥಮಿಕ ಶಾಲೆಯ ಹುಡುಗ, ಅಕ್ಕ ದಿನಾ ಬಸ್ಸಿನಲ್ಲಿ ಗೋಕಾಕದ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪನ ಭಜನೆಯ ದಮ್ಡಿಯನ್ನು ಸಣ್ಣವಳಿದ್ದಾಗಿನಿಂದ ಬಾರಿಸುತ್ತಿದ್ದಳಾದ್ದರಿಂದ ಅವಳನ್ನು ಕಾಲೇಜಿನ ಹಾಡಿನ ತಂಡಕ್ಕೆ ಸೇರಿಸಿಕೊಂಡಿದ್ದರು. ಐವರೂ ಬೆಂಗಳೂರಿಗೆ ಹೋಗಿ ಟೀವಿಗಾಗಿ ಹಾಡಿ ಬಂದರು. ಹಾಡಿದ್ದು ಅಂದರೆ, ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ತುಟಿ ಆಡಿಸಿದ್ದು. ಬಂದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ: ಅವಳು ನಿಂತ ಮೂಲೆಗೆ ಹಾಡು ಸರಿಯಾಗಿ ಕೇಳಿಸುತ್ತಿರಲಿಲ್ಲ, ಕೀಬೋರ್ಡಿನವನ ಕಾಲು ತಾಳಕ್ಕೆ ಕುಣಿಯುತ್ತಿತ್ತು, ಅದನ್ನು ನೋಡಿಕೊಂಡು ಬಾರಿಸಿದಳಂತೆ.

ಪ್ರಸಾರವಾಗುವ ದಿನವನ್ನು ಕಾಲೇಜಿನಲ್ಲಿ ಹೇಳಿದ್ದರು. ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಟೀವಿ ಇತ್ತು. ಸಂಜೆಗೆ ಮುಂಚೆಯೇ ಅವರ ಪಡಸಾಲೆ ತುಂಬಿತು. ಒಳಗೆ ಜಾಗ ಸಿಗದವರು ಕಿಟಕಿಗೆ ಜೋತುಬಿದ್ದರು. ಅಕ್ಕ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಅವ್ವನ ಹಿಂದೆ ಕೂತಿದ್ದಳು. ಟೀವಿಯಲ್ಲಿ ಕ್ರಿಕೆಟ್ ನಡೆದಿತ್ತು. ಪಂದ್ಯ ಮುಗಿಯಬೇಕಾದ ಹೊತ್ತಿಗೆ ಮುಗಿಯಲಿಲ್ಲ. ಮುಗಿದ ಮೇಲೆ ನೇರವಾಗಿ ವಾರ್ತೆ ಬಂತು. ಜನ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೊರಟರು. ಅವ್ವ ಮಾತ್ರ, ಮನೆಯವರು ಟೀವಿ ಆರಿಸಲು ಎದ್ದು ನಿಂತರೂ, ಏಳಲಿಲ್ಲ.

ಆಮೇಲೆ ಕಾರ್ಯಕ್ರಮ ಯಾವಾಗ ಬಂತೋ, ಬಂತೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ. ಊರಲ್ಲಿ ಅಕ್ಕನಿಗೆ 'ಟೀವಿ' ಎಂಬ ಅಡ್ಡಹೆಸರು ಬಿತ್ತು. ಅವಳು ಬಸ್ ಸ್ಟ್ಯಾಂಡಿಗೆ ಹೊರಟರೆ ಕಟ್ಟೆಯ ಮೇಲಿನವರು "ಟೀವಿ ಹೊಂಟ್ತು ನೋಡ್ರಿ" ಅನ್ನುತ್ತಿದ್ದರು. ಈ ಹುಡುಗಿಯರು ಚೆನ್ನಾಗಿ ಮಾಡದ್ದಕ್ಕೆ ಟೀವಿಯವರು ತೆಗೆದುಹಾಕಿದ್ದಾರೆ ಎಂದೂ ಕೆಲವರು ಆಡಿಕೊಂಡರು. ಅಕ್ಕ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ತನ್ನ ಒಬ್ಬಳ ತಾಳ ತಪ್ಪಿದ್ದರಿಂದಲೇ ಐದೂ ಜನರ ಹಾಡು ಹೋಯಿತೆಂದು ನಂಬಿದಳು. ದಮ್ಡಿಯನ್ನು ಗೂಟಕ್ಕೆ ತೂಗುಹಾಕಿದವಳು ಮತ್ತೆ ಇಳಿಸಲಿಲ್ಲ. ತುಕ್ಕಾನಟ್ಟಿಗೆ ಮದುವೆಯಾಗಿ ಹೋದ ಮೇಲೆ, ನನಗೆ ಗೊತ್ತಿರುವಂತೆ, ಆ ಸುದ್ದಿಯನ್ನು ಬಾಯಿಗೆ ತರಲಿಲ್ಲ.

ಆ ಸೋಮವಾರ ಸಂಜೆ ನಾನು ಅಂಗಡಿಗೆ ಹೋದಾಗ ಕಾಕಾ ನಗುತ್ತಲೇ ಫೋನ್ ಮುಂದೆ ಹಿಡಿದರು. ಗುಂಪಿನಲ್ಲಿ ಹಬ್ಬ ನಡೆದಿತ್ತು. 'ಕಾಲು ನೋಡೋ ಅಕ್ಕ' ಎಂದು ಯಾರೋ ಹೆಸರಿಟ್ಟಿದ್ದರು. ಒಬ್ಬರು ಅವಳು ಕಾಲಿನ ಡಾಕ್ಟರ್ ಆಗಿರಬೇಕೆಂದರು. ನಾನು ನಗದಿದ್ದುದನ್ನು ಕಂಡು ಕಾಕಾ, "ಯಾಕ್ರಿ ಮಾಸ್ತರ, ಆರಾಮ ಇಲ್ಲೇನು?" ಎಂದು ಕೇಳಿದರು.

"ಕಾಕಾ, ಆಕಿ ನಮ್ಮಕ್ಕ."

ಅವರು ಫೋನನ್ನು ಮಾರಲು ಇಟ್ಟಿದ್ದ ಅಗಲ ಪರಾತದ ಮೇಲೆ ಬೋರಲು ಇಟ್ಟರು. ನಾನು ಎಲ್ಲ ಹೇಳಿದೆ. ಕಾಕಾ, "ಅಂದ್ರ ಅದು ಟೀವ್ಯಾಗ ಬಂದೈತಿ. ಬಂದಿದ್ದಕ್ಕ ಯಾರೋ ರೆಕಾರ್ಡ್ ಮಾಡ್ಯಾರ. ಅಕ್ಕಾರಿಗೆ ಇದು ಗೊತ್ತೈತೇನು?" ಅಂದರು.

"ಹೆಂಗ ಗೊತ್ತಾಗ್ತೈತ್ರಿ?"

"ಹಂಗಾದ್ರ ಮೊದಲ ಅದನ್ನ ಹೇಳೂಣು. ನಗೂದು ಬಿಡೂದು ಆಮ್ಯಾಲ."

ಅವರೇ ಪಾಡ್‌ಕಾಸ್ಟಿನವರಿಗೆ ಬರೆದರು. ಮರುದಿನವೇ ಇಬ್ಬರಲ್ಲಿ ಒಬ್ಬ ಫೋನ್ ಮಾಡಿದ. ಕಾರ್ಯಕ್ರಮದಲ್ಲಿ ಅಷ್ಟು ಬಾಯಿಬಡುಕನಾದವನು ಫೋನಿನಲ್ಲಿ ತೊದಲುತ್ತಿದ್ದ. "ಸರ್, ಬ್ಯಾಸರಾಗಿದ್ರ ಆ ಕಂತು ತಗದ ಬಿಡ್ತೇವ್ರಿ" ಅಂದ. ಅದನ್ನು ಅಕ್ಕನೇ ಹೇಳಬೇಕು, ಸದ್ಯಕ್ಕೆ ವಿಡಿಯೋ ಕಳಿಸು ಎಂದೆ. ಕಳಿಸಿದ. ನಾನು ನೋಡದೆ ಇಟ್ಟುಕೊಂಡೆ.

ಭಾನುವಾರ ಕಾಕಾ ತಮ್ಮ ಸ್ಕೂಟರ್ ತಂದರು. ನಾನು ಹಿಂದೆ ಕೂತೆ. ಕಲ್ಲೋಳಿ ದಾಟುವಾಗ ಟೀವಿ ಇದ್ದ ಆ ಮನೆ ಎಲ್ಲಿದೆಯೆಂದು ಅವರು ಕೇಳಿದರು. ಅದನ್ನು ಕೆಡವಿ ಗೊಬ್ಬರದ ಅಂಗಡಿ ಮಾಡಿ ಬಹಳ ಕಾಲವಾಗಿತ್ತು. ತುಕ್ಕಾನಟ್ಟಿ ತಲುಪಿದಾಗ ಅಕ್ಕ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದಳು. ಅವಳ ಗಂಡ, ನನ್ನ ಮಾವ, ಹೊಲಕ್ಕೆ ಹೋಗಿದ್ದರು. ಅಪರಿಚಿತರು ಬಂದದ್ದರಿಂದ ಸೆರಗು ಸರಿಮಾಡಿಕೊಂಡು, "ಬರ್ರಿ ಅಣ್ಣಾರ, ಕುಂದರ್ರಿ" ಎಂದು ನೀರು ಕೊಟ್ಟಳು. ಚಹಾ ಕುಡಿದು ಲೋಟ ಕೆಳಗಿಟ್ಟೆ. ಕೊನೆಗೆ ಹೇಳಿಬಿಟ್ಟೆ.

"ಅಕ್ಕಾ, ನಿಮ್ಮ ಹಾಡು ಟೀವ್ಯಾಗ ಬಂದಿತ್ತು."

"ಯಾವ ಹಾಡು?" ಎಂದಳು. ಆಮೇಲೆ ಮುಖ ಬದಲಾಯಿತು. "ಏ ತಮ್ಮಾ, ಈಗ್ಯಾಕ ಅದು?"

ನಾನು ಫೋನ್ ಅವಳ ಕೈಗೆ ಕೊಟ್ಟೆ. ಕಂಬಕ್ಕೆ ಒರಗಿ ಕೂತು, ಕನ್ನಡಕ ಹಾಕಿಕೊಂಡು ನೋಡಿದಳು. ಪುಟ್ಟ ಪರದೆಯಲ್ಲಿ ಬಣ್ಣ ಕದಡಿದ ಚಿತ್ರ, ನಡುನಡುವೆ ಗೆರೆಗಳು. ನಾನೂ ಆಗಲೇ ಮೊದಲ ಸಲ ನೋಡಿದ್ದು. ಐವರು ಹುಡುಗಿಯರು, ತುದಿಯಲ್ಲಿ ಸಣಕಲು ಅಕ್ಕ, ಎರಡು ಜಡೆ. ಹಾಡು ಮುಗಿದ ಕೂಡಲೇ ಎರಡನೇ ಸಲ ಹಚ್ಚಲು ಹೇಳಿದಳು. ಆಗ ಬಾಯಿ ಬಿಟ್ಟಳು.

"ಆ ಜಂಪರ್ ನಂದಲ್ಲ. ನಡಕ ನಿಂತಾಕಿದು. ಬಗಲಾಗ ಬಿಗಿ ಆಗಿ ಕೈ ಎತ್ತಾಕ ಬರ್ತಿದ್ದಿಲ್ಲ."

ಮೂರನೇ ಸಲ ನೋಡುವಾಗ ಫೋನನ್ನು ಮೂಗಿನ ಹತ್ತಿರ ತಂದಳು. ಕ್ಯಾಮೆರಾ ಒಂದು ಗಳಿಗೆ ಕೀಬೋರ್ಡಿನವನ ಕಡೆ ಹೊರಳಿತ್ತು. "ತಡಿ, ತಡಿ, ಹಿಂದ ತಗೋ" ಅಂದಳು. ಹಿಂದಕ್ಕೆ ತೆಗೆದೆ. ಅವನ ಬಲಗಾಲು ಎಡಗಾಲಿನ ಹರಡನ್ನು ತಿಕ್ಕುತ್ತಿತ್ತು, ಆಮೇಲೆ ನೆಲಕ್ಕೆ ಎರಡು ಏಟು, ಮತ್ತೆ ತಿಕ್ಕಾಟ.

"ಅಯ್ಯ ಶಿವನ!" ಎಂದಳು ಅಕ್ಕ. "ಅಂವ ತಾಳ ಹಾಕಾಕತ್ತಿಲ್ಲೋ ತಮ್ಮಾ! ಗುಂಗಾಡ ಕಡ್ಯಾಕತ್ತಾವ ಅವನ ಕಾಲಿಗೆ! ಗುಂಗಾಡ ಓಡಸಾಕತ್ತಾನ!"

ಸೊಳ್ಳೆಯ ಮಾತಿಗೆ ಕಾಕಾ ಮೊದಲು ನಕ್ಕರೋ ಅಕ್ಕ ಮೊದಲು ನಕ್ಕಳೋ ನೆನಪಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಂಬ ಹಿಡಿದುಕೊಂಡು, ಉಸಿರು ಹಿಡಿಯುವವರೆಗೆ ನಕ್ಕಳು. ಹೊಲದಿಂದ ಬಂದ ಮಾವ ಬಾಗಿಲಲ್ಲಿ ನಿಂತು, "ಏನಾತು?" ಎಂದು ಗಾಬರಿಯಿಂದ ಕೇಳಿದರು. ಅವರಿಗೂ ತೋರಿಸಿದೆವು. ಅವರು ಫೋನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, "ನೀ ಟೀವ್ಯಾಗ ಬಂದಿದ್ದಿ? ನನಗ ಒಂದ ಮಾತ ಹೇಳಿಲ್ಲಲ?" ಅಂದರು.

"ಬಂದಿತ್ತಂತ ನನಗ ಗೊತ್ತಿದ್ರ ಹೇಳ್ತಿದ್ದೆ," ಅಂದಳು ಅಕ್ಕ. ಮಾವ ಮತ್ತೇನೂ ಕೇಳದೆ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಇನ್ನೊಮ್ಮೆ ಹಚ್ಚಲು ಹೇಳಿದರು.

ಊಟದ ನಂತರ ಪಾಡ್‌ಕಾಸ್ಟನ್ನೂ ಕೇಳಿಸಿದೆ. ಚಪ್ಪಲಿಯ ಮಾತಿಗೆ ನಕ್ಕಳು. ದಮ್ಡಿ ಬೇರೆ ಊರಿಗೆ ಹೊರಟಿದೆ ಅಂದಾಗ, "ಖರೆ ಐತಿ, ಭಾಳ ತಪ್ಪೇತಿ" ಅಂದಳು. ಕಂತು ತೆಗೆಯುವುದು ಬೇಡವೆಂದಳು. "ಆದ್ರ ಗುಂಗಾಡದ ಸುದ್ದಿ ಅವರಿಗೆ ತಿಳೀಬೇಕ ನೋಡು."

ಆ ವಾರವೇ ಅವರು ಅವಳೊಂದಿಗೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡರು. ಮುಂದಿನ ಕಂತನ್ನು ನಾನು ಬಸ್ಸಿನಲ್ಲಿ ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ಕಾಕಾನ ಅಂಗಡಿಯಲ್ಲಿ ಇಬ್ಬರೂ ಕೂತು ಕೇಳಿದೆವು. ಅಕ್ಕ ಮೊದಲು ಹಿಂಜರಿದಳು, ಆಮೇಲೆ ಆ ಇಬ್ಬರಿಗೂ ಮಾತಾಡಲು ಬಿಡಲಿಲ್ಲ. ಬೆಂಗಳೂರಿನ ಚಳಿ, ಸೆಖೆಯ ಲೈಟು, ಹಾಡು ಕೇಳಿಸದ ಮೂಲೆ, ಎರವಲು ಜಂಪರ್ ಎಲ್ಲ ಹೇಳಿದಳು. ಗುಂಪಿನಲ್ಲಿ ತಮಾಷೆ ಮಾಡಿದವರು ಒಬ್ಬೊಬ್ಬರಾಗಿ ನಮಸ್ಕಾರ ಹಾಕಿದರು. ಕಾಲಿನ ಡಾಕ್ಟರ್ ಅಂದವರಂತೂ ಅವಳಿಗೆಂದು ಕಾಲಿಗೆ ಬೀಳುವ ಚಿತ್ರ ಹಾಕಿದರು.

ಕಲ್ಲೋಳಿಯವರಿಗೂ ವಿಡಿಯೋ ಕಳಿಸಲೇ ಎಂದು ನಾನು ಕೇಳಿದ್ದೆ. "ಬ್ಯಾಡ, ಈಗ ಅವರಿಗೆ ತೋರಿಸಿ ಏನ್ ಮಾಡೂದೈತಿ?" ಅಂದಿದ್ದಳು. ಹದಿನೈದು ದಿನಕ್ಕೆ ಅಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮವಿತ್ತು. ನಾನು ತಡವಾಗಿ ಹೋದೆ. ಹೆಂಗಸರೆಲ್ಲ ಅಕ್ಕನ ಸುತ್ತ ಗುಂಪುಗೂಡಿದ್ದರು. ತೊಟ್ಟಿಲ ಹತ್ತಿರ ಯಾರೂ ಇರಲಿಲ್ಲ. ಅವಳ ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು. ಒಂದು ಕಾಲದಲ್ಲಿ ಅವಳನ್ನು ಟೀವಿ ಎಂದು ಕರೆಯುತ್ತಿದ್ದ ಒಬ್ಬ ಮುದುಕಿ, "ಅಲ್ಲಬೇ, ಖರೇನ ಹಾಡೀಯಲ್ಲ!" ಎನ್ನುತ್ತಿದ್ದಳು. ನನ್ನನ್ನು ಕಂಡು ಅಕ್ಕ ಸಿಕ್ಕಿಬಿದ್ದವಳಂತೆ ಮುಖ ತಿರುಗಿಸಿಕೊಂಡಳು.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕೂತು ನಾನು, "ಅವ್ವ ಇರಬೇಕಾಗಿತ್ತು" ಅಂದೆ.

ಅಕ್ಕ ಎಲೆ ಅಡಿಕೆಯ ಚೀಲ ಬಿಚ್ಚುತ್ತಿದ್ದಳು. "ಅವ್ವ ಆವತ್ತ ನಂಬಿದ್ಳು ಬಿಡೋ," ಅಂದಳು. "ಆಕಿಗೆ ತೋರಸೂದ ಬೇಕಾಗಿದ್ದಿಲ್ಲ."

ಮೂಡಲಗಿ ಕಡೆಯ ಬಸ್ ಬಂತು. ತುಕ್ಕಾನಟ್ಟಿಗೆ ಹೋಗುತ್ತದೋ ಇಲ್ಲವೋ ಎಂದು ಕೇಳಲು ಅವಳು ಎದ್ದು ಹೋದಳು. ಈಗ ಅವಳೂ ಅಭಿಮಾನಿಗಳ ಗುಂಪಿನಲ್ಲಿದ್ದಾಳೆ. ಹೆಚ್ಚು ಬರೆಯುವುದಿಲ್ಲ. ಹೋದ ವಾರದ ಕಂತು ಮುಗಿದ ಮೇಲೆ ಒಂದೇ ಸಾಲು ಹಾಕಿದ್ದಳು: "ಈ ಸಲ ಅಷ್ಟ ನಗಿ ಬರಲಿಲ್ರಿ."