ದೊಡ್ಡಮ್ಮ ಬರೆದ ಆರೋಪಪಟ್ಟಿ

ಶಾಲೆ ಬಿಟ್ಟ ಮೇಲೆ, ಹೆತ್ತವರು ಕೆಲಸ ಮುಗಿಸಿ ಬರುವ ತನಕ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಅದು. ಒಂದು ಉದ್ದನೆಯ ಹಾಲ್, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಸಾಮಾನಿನ ಕೋಣೆಗೆ ಹೋಗುವ ಕಿರಿದಾದ ನಡುದಾರಿ. ಮೂವತ್ತನಾಲ್ಕು ಮಕ್ಕಳನ್ನು ಮೂರರಿಂದ ಆರೂವರೆಯವರೆಗೆ ಹದ್ದುಬಸ್ತಿನಲ್ಲಿಡುವುದು ದೊಡ್ಡಮ್ಮನ ಕೆಲಸ. ಮಕ್ಕಳಿರಲಿ, ಅವಳಿಗಿಂತ ಎರಡು ವರ್ಷ ದೊಡ್ಡವರಾದ ಮ್ಯಾನೇಜರ್ ಕೂಡ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. “ನನ್ನ ಕಣ್ಣಿಗೆ ಹೆದರದ ಮಗು ಇನ್ನೂ ಹುಟ್ಟಿಲ್ಲ” ಎಂಬುದು ಹನ್ನೊಂದು ವರ್ಷದಿಂದ ಅವಳ ಜಂಬ.

ಅಂಥ ಮಗು ಹುಟ್ಟಿ ಆಗಲೇ ಎಂಟು ವರ್ಷವಾಗಿತ್ತು. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಸಣಕಲು ಹುಡುಗಿ ಆಕೆ. ಮಾತು ಕಡಿಮೆ, ಕೈ ಜೋರು. ಇದ್ದಕ್ಕಿದ್ದ ಹಾಗೆ ಪಕ್ಕದಲ್ಲಿದ್ದವರಿಗೆ ಬಾರಿಸಿಬಿಡುತ್ತಿದ್ದಳು. ದೊಡ್ಡಮ್ಮ ಹುಬ್ಬು ಏರಿಸಿದರೆ ಗೋಡೆ ನೋಡುತ್ತಿದ್ದಳು. ತಪ್ಪು ಮಾಡಿದವರು ನಡುದಾರಿಯ ಬೆಂಚಿನ ಮೇಲೆ ಒಬ್ಬರೇ ಹದಿನೈದು ನಿಮಿಷ ಕೂರಬೇಕೆಂಬುದು ದೊಡ್ಡಮ್ಮನೇ ಮಾಡಿದ ಕಾನೂನು. ಉಳಿದ ಮಕ್ಕಳು ಬೆಂಚು ಎಂದರೆ ಅಳುತ್ತಿದ್ದರು. ಗುಬ್ಬಿಗೆ ಅದು ದಿನದ ಹಾಜರಿಯಾಗಿತ್ತು.

ಅವಳ ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಬಿಡುವುದು ಆರಕ್ಕೆ. ಎರಡು ವರ್ಷದಲ್ಲಿ ಐದು ಸಲ ಅವಳನ್ನು ಕರೆಸಿದ್ದಾಯಿತು. ಪ್ರತಿ ಸಲವೂ ಮ್ಯಾನೇಜರ್ ಮೇಜಿನ ಮುಂದೆ ನಿಂತೇ ಹೇಳುತ್ತಿದ್ದಳು: “ಮನೇಲಿ ಅವಳು ಯಾರಿಗೂ ಹೊಡೆಯಲ್ಲ ಸಾರ್.” ಆಕೆ ಹೋದ ಮೇಲೆ ದೊಡ್ಡಮ್ಮ ನಗುತ್ತಿದ್ದಳು. “ಹೆತ್ತವರಿಗೆ ಹೆಗ್ಗಣ ಮುದ್ದು.”

ಕೊನೆಗೆ ಒಬ್ಬ ಹುಡುಗನ ತುಟಿ ಒಡೆಯಿತು. ಇನ್ನು ಸಾಕು ಎಂದರು ಮ್ಯಾನೇಜರ್. “ನಡೆದಿದ್ದೆಲ್ಲ ಬರೆದುಕೊಡಿ ದೊಡ್ಡಮ್ಮ. ತಿಂಗಳ ಕೊನೇಲಿ ಆ ತಾಯಿಗೆ ಹೇಳಿಬಿಡೋಣ, ಬೇರೆ ಕಡೆ ನೋಡಿಕೊಳ್ಳಮ್ಮ ಅಂತ.” ಬೇರೆ ಕಡೆ ಎಂಬುದು ಆ ತಾಯಿಗೆ ಇರಲಿಲ್ಲ. ಮಗುವನ್ನು ಮನೆಯಲ್ಲಿ ಕೂಡಿಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು. ಇದು ದೊಡ್ಡಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಪೆನ್ನು ತೆಗೆದಳು ಎಂಬುದನ್ನು ಮುಚ್ಚಿಟ್ಟು ಅವಳನ್ನು ಹೊಗಳುವುದು ನನ್ನಿಂದಾಗದು.

ಆ ತಿಂಗಳ ಮೊದಲ ವಾರದಲ್ಲೇ ಸಿಬ್ಬಂದಿಗೆ ತರಬೇತಿ ಶುರುವಾಯಿತು. ಶನಿವಾರ ಬೆಳಿಗ್ಗೆ ಎರಡೆರಡು ಗಂಟೆ. ಪಾಠ ಹೇಳಲು ಬಂದವಳು ದೊಡ್ಡಮ್ಮನ ಮಗಳಿಗಿಂತ ಚಿಕ್ಕವಳು, ಬೆನ್ನಿಗೊಂದು ಚೀಲ, ಕಾಲಿಗೆ ಕ್ಯಾನ್ವಾಸ್ ಶೂ. “ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದಳು” ಎಂದು ದೊಡ್ಡಮ್ಮ ಅಡುಗೆಯವಳ ಕಿವಿಯಲ್ಲಿ ಹೇಳಿದಳು, ಹುಡುಗಿಗೂ ಕೇಳಿಸುವಷ್ಟು ಮೆಲ್ಲಗೆ.

ಹುಡುಗಿ ನಕ್ಕು, ಎಲ್ಲರಿಗೂ ಮೂರು ಕಾಲಂ ಎಳೆದ ಹಾಳೆ ಹಂಚಿದಳು. ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. “ನಿಮಗೆ ತುಂಬಾ ಕಷ್ಟ ಕೊಡೋ ಒಂದು ಮಗೂನ ಆರಿಸಿಕೊಳ್ಳಿ. ಎರಡು ವಾರ ಬರೀರಿ. ಕಂಡಿದ್ದು ಮಾತ್ರ. ‘ಹಠಮಾರಿ’, ‘ದುಷ್ಟ’ ಅಂತೆಲ್ಲ ಬೇಡ.”

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು ದೊಡ್ಡಮ್ಮನಿಗೆ. ತರಬೇತಿಗೂ ಆಯಿತು, ಮ್ಯಾನೇಜರಿಗೂ ಆಯಿತು. ಎರಡು ವಾರ ಅವಳು ಬರೆದಷ್ಟು ನಿಷ್ಠೆಯಿಂದ ಪೊಲೀಸರೂ ಬರೆಯುವುದಿಲ್ಲ.

ಮೂರನೆಯ ಶನಿವಾರ ಎದ್ದು ನಿಂತು, ಕನ್ನಡಕ ಏರಿಸಿ ಓದತೊಡಗಿದಳು. “ಸೋಮವಾರ. ತಿಂಡಿ ಹೊತ್ತು, ತಟ್ಟೆಗಳ ಸದ್ದು. ಪಕ್ಕದವಳಿಗೆ ಹೊಡೆದಳು. ಬೆಂಚಿಗೆ ಕಳಿಸಿದೆ, ಸುಮ್ಮನಾದಳು. ಮಂಗಳವಾರ. ಮಳೆ, ಎಲ್ಲರೂ ಒಳಗೇ ಆಟ. ಹೊಡೆದಳು. ಬೆಂಚು, ಸುಮ್ಮನಾದಳು. ಬುಧವಾರ. ಚಪ್ಪಾಳೆ ಹಾಡು. ಹೊಡೆದಳು. ಬೆಂಚು, ಸುಮ್ಮನಾದಳು.” ಹೀಗೇ ಏಳು ದಿನದ್ದು ಓದಿದಳು. ಎಂಟನೆಯದಕ್ಕೆ ದನಿ ನಿಂತಿತು. ಹಾಳೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು.

“ಏನಾಯ್ತು ದೊಡ್ಡಮ್ಮ?” ಎಂದಳು ಹುಡುಗಿ.

“ಸದ್ದು ತಡಕೊಳ್ಳೋಕಾಗದೆ ಹೊಡೀತಿದ್ದಾಳೆ ಕಣಮ್ಮ. ನಮ್ಮ ಕೇಂದ್ರದಲ್ಲಿ ಸದ್ದಿಲ್ಲದ ಜಾಗ ಇರೋದು ಆ ಬೆಂಚೊಂದೇ. ಅಲ್ಲಿಗೆ ಹೋಗಬೇಕು ಅಂದ್ರೆ ಯಾರಿಗಾದ್ರೂ ಹೊಡೀಲೇಬೇಕು. ಆ ಕಾನೂನು ಮಾಡಿದ್ದು ನಾನು.” ಹಾಗೆಂದು ಕೂತುಬಿಟ್ಟಳು. ಹುಡುಗಿ ‘ನೋಡಿದ್ರಾ’ ಎನ್ನಲಿಲ್ಲ, ಪಾಠವನ್ನೂ ಮಾಡಲಿಲ್ಲ. ಒಂದು ಲೋಟ ನೀರು ತಂದುಕೊಟ್ಟಳು. ಆ ನೀರಿನ ಋಣ ದೊಡ್ಡಮ್ಮ ಇವತ್ತಿಗೂ ನೆನೆಯುತ್ತಾಳೆ.

ಸೋಮವಾರ ಗುಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದಳು: “ಬೆಂಚು ಬೇಕು ಅನ್ನಿಸಿದ್ರೆ ನನ್ನ ಕೈ ಹಿಡಿ ಪುಟ್ಟಾ. ಹೊಡೆಯೋದು ಬೇಡ. ಕೇಳಿದ್ರೆ ಸಾಕು.” ಗುಬ್ಬಿ ಗೋಡೆ ನೋಡಿದಳು. ಆ ದಿನವೂ ಹೊಡೆದಳು, ಮರುದಿನವೂ ಹೊಡೆದಳು. ಹೊಡೆಯುವವಳಿಗೆ ಬೆಂಚು ಕೊಟ್ಟರೆ ತಪ್ಪಿಗೆ ಬಹುಮಾನವಲ್ಲವೇ ಎಂದು ಅಡುಗೆಯವಳು ಆಡಿಕೊಂಡಳು. ತಿಂಡಿಗೆ ತಟ್ಟೆ ಇಡುವ ಮೊದಲೇ ದೊಡ್ಡಮ್ಮ ತಾನಾಗಿ ಕೈ ಚಾಚಿ ಅವಳನ್ನು ಕರೆದೊಯ್ಯತೊಡಗಿದಳು. ಉಳಿದ ಮಕ್ಕಳು ನಮಗೂ ಬೆಂಚು ಬೇಕೆಂದು ದುಂಬಾಲು ಬಿದ್ದರು. ಬನ್ನಿ ಎಂದಳು. ಅವರಿಗೆ ಎರಡೇ ದಿನಕ್ಕೆ ಬೇಜಾರಾಯಿತು.

ಆರನೆಯ ದಿನ, ಚಪ್ಪಾಳೆ ಹಾಡಿನ ನಡುವೆ, ದೊಡ್ಡಮ್ಮನ ಬೆರಳಿಗೆ ಏನೋ ತಾಗಿತು. ಗುಬ್ಬಿಯ ಕೈ, ಬೆವರಿ ತಣ್ಣಗಾಗಿತ್ತು. ದೊಡ್ಡಮ್ಮ ಅವಳನ್ನು ಬೆಂಚಿಗೆ ಬಿಟ್ಟು, ಸಾಮಾನಿನ ಕೋಣೆಗೆ ಹೋಗಿ ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು, ಅಡುಗೆಯವಳನ್ನು ವಿನಾಕಾರಣ ಗದರಿ, ಹಾಡು ಮುಗಿಸಿದಳು. ಐದು ನಿಮಿಷಕ್ಕೆ ಗುಬ್ಬಿ ಯಾರೂ ಕರೆಯದೆ ವಾಪಸು ಬಂದು ಸಾಲಿನ ತುದಿಯಲ್ಲಿ ಕೂತಳು.

ತಿಂಗಳ ಕೊನೆಗೆ ತಾಯಿಯನ್ನು ಕರೆಸಿದರು. ಮಗಳ ಸಾಮಾನು ಒಯ್ಯಲೆಂದು ಆಕೆ ದೊಡ್ಡ ಚೀಲ ತಂದಿದ್ದಳು, ಯಾರೂ ಹೇಳದೆಯೇ. ಯಾವತ್ತಿನಂತೆ ಮೇಜಿನ ಮುಂದೆ ನಿಂತಳು.

“ಬರೆದಿದ್ದು ತಂದಿದ್ದೀರಾ?” ಎಂದರು ಮ್ಯಾನೇಜರ್.

“ತಂದಿದ್ದೀನಿ ಸಾರ್.” ದೊಡ್ಡಮ್ಮ ಹಾಳೆಗಳನ್ನು ಮೇಜಿನ ಮೇಲಿಟ್ಟಳು. “ಇದ್ರಲ್ಲಿರೋ ತಪ್ಪು ಮಗೂದಲ್ಲ. ನಂದು. ಕೊನೇ ಹಾಳೆ ನೋಡಿ, ಒಂಬತ್ತು ದಿನದಿಂದ ಒಂದು ಏಟೂ ಇಲ್ಲ. ಅವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಮ್ಯಾನೇಜರ್ ಓದಿದರು, ಮತ್ತೆ ಓದಿದರು. “ನೀವು ಹೋದ್ರೆ ಉಳಿದ ಮೂವತ್ತಮೂರನ್ನ ನಾನು ಹಿಡೀಲಾ? ಇರಲಿ ಬಿಡಿ, ಇಬ್ಬರೂ ಇರಿ.”

ತಾಯಿ ಕೈ ಮುಗಿಯಲು ಹೋದಳು, ಆ ದೊಡ್ಡ ಚೀಲ ಕೈಗೆ ತೊಡರಿಕೊಂಡಿತು. ದೊಡ್ಡಮ್ಮ ಅವಳ ಕೈ ಹಿಡಿದು ಇಳಿಸಿದಳು. “ನನಗ್ಯಾಕೆ ಕೈ ಮುಗೀತೀಯಮ್ಮ? ಮನೇಲಿ ಹೊಡೆಯಲ್ಲ ಅಂತ ನೀನು ಐದು ಸಲ ಹೇಳಿದೆ. ನಾನು ಒಂದು ಸಲಾನೂ ಹೇಗೆ ಅಂತ ಕೇಳಲಿಲ್ಲ. ಈಗ ಕೇಳ್ತಿದ್ದೀನಿ. ಮನೇಲಿ ನೀನು ಏನು ಮಾಡ್ತೀಯ? ನನಗೂ ಹೇಳಿಕೊಡು.”

ತಾಯಿ ಮ್ಯಾನೇಜರ್ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು. ಆಮೇಲೆ, ಆ ಕೋಣೆಯಲ್ಲಿ ಮೊದಲ ಸಲ, ಕುರ್ಚಿ ಎಳೆದುಕೊಂಡು ಕೂತಳು.